ಆರೈಕೆಯ ಹಣ ಸರಕಾರದ ಋಣ



ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರುಗಳ ಗುಡ್ಡಗಳ ಮೇಲೆ ಹೆಲಿಕಾಪ್ಟರು ಹಾರಾಡಿದ ದಿನಗಳನ್ನು ಕಣ್ಣಾರೆ ಕಂಡವರು ನಿಮ್ಮಲ್ಲಿ ಇನ್ನೂ ಅನೇಕರಿದ್ದೀರಿ. ಗೇರುಮರದ ಟೀ-ಸೊಳ್ಳೆಯನ್ನು ಕೊಲ್ಲುವ ನೆವದಿಂದ, ಕೇರಳ ಸರಕಾರದ ಸ್ವಂತ ಸಂಸ್ಥೆಯಾದ ಪ್ಲಾಂಟೇಶನ್ ಕಾರ್ಪೊರೇಶನ್, 1970ರ ದಶಕದ ಕೊನೆಯಿಂದ 2000ದ ವರೆಗೆ ಎಂಡೋಸಲ್ಫಾನ್ ವಿಷವನ್ನು ಆಕಾಶದಿಂದ ಸುರಿಸಿತು. ಗುಡ್ಡದ ಮೇಲೆ ಗೇರು, ಬುಡದಲ್ಲಿ ಮನೆ. ಸುರಂಗದಿಂದ ಹರಿದು ಬಂದುದೇ ಕುಡಿಯುವ ನೀರು. ಕೈಕಾಲು ತಿರುಚಿದ, ತಲೆ ಬೆಳೆದು ದೇಹ ಬೆಳೆಯದ, ಮಾತು ಬಾರದ ಮಕ್ಕಳು ಮನೆಮನೆಗಳಲ್ಲಿ ಹುಟ್ಟಿದಾಗ, ಅದು ದೈವದ ಮುನಿಸೆಂದು ನಮ್ಮವರು ಹರಕೆ ಹೊತ್ತರು. ಕೊನೆಗೆ ಕಾರಣವನ್ನು ಹುಡುಕಿ ಲೋಕಕ್ಕೆ ಹೇಳಿದವರಲ್ಲಿ ಮೊದಲಿಗರು ನಮ್ಮೂರಿನವರೇ: ಪಡ್ರೆಯ ವೈದ್ಯ ಡಾ. ಮೋಹನಕುಮಾರರು, ಪತ್ರಕರ್ತ ಶ್ರೀ ಪಡ್ರೆಯವರು.

ಈ ಕಥೆ ನಿಮಗೆ ತಿಳಿದುದೇ. ನಾವು ಇಲ್ಲಿ ಕೇಳಹೊರಟುದು ಅದರ ಮುಂದಿನ ಪ್ರಶ್ನೆಯನ್ನು. ಹಾಸಿಗೆಯಲ್ಲಿ ಉಳಿದವರನ್ನು ದಿನದಿನವೂ ಎತ್ತಿ ಇಳಿಸಿ ಉಣ್ಣಿಸುವವರಾರು? ಹಾಗೆ ಉಣ್ಣಿಸುವವರಿಗೆ ಅನ್ನ ಕೊಡುವವರಾರು?

ಕೊಟ್ಟೆವೆಂದು ಸರಕಾರ ಹೇಳುತ್ತಿದೆ. ಹೇಗೆ ಕೊಟ್ಟಿತೆಂಬುದನ್ನು ನೋಡೋಣ. 2010ರ ಡಿಸೆಂಬರದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಪರಿಹಾರವನ್ನು ಶಿಫಾರಸು ಮಾಡಿತು. 2017ರ ಜನವರಿ 10ರಂದು ಸರ್ವೋಚ್ಚ ನ್ಯಾಯಾಲಯವು, ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಸಲ್ಲಿಸಬೇಕೆಂದು ಆಜ್ಞಾಪಿಸಿತು. ಆಜೀವ ಚಿಕಿತ್ಸೆಯ ಏರ್ಪಾಡನ್ನೂ ಆಲೋಚಿಸುವಂತೆ ಹೇಳಿತು. ಮೂರು ತಿಂಗಳಲ್ಲ, ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಲೆಕ್ಕ ಕೇಳಿದಾಗ, 3,704 ಮಂದಿಯ ಪೈಕಿ ಹಣ ಮುಟ್ಟಿದುದು ಎಂಟು ಮಂದಿಗೆ! ಆ ಎಂಟು ಮಂದಿ ಯಾರು? ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರು. ಬಾಗಿಲು ತಟ್ಟಿದವನಿಗೆ ಹಣ, ತಟ್ಟಲು ಕೈಯನ್ನೇ ಎತ್ತಲಾರದವನಿಗೆ ಕಾಯುವ ಭಾಗ್ಯ. ಈ ನಡುವೆ 2019ರ ಆರಂಭದಲ್ಲಿ ತಾಯಂದಿರು ಮಕ್ಕಳನ್ನು ಹೊತ್ತುಕೊಂಡು ಹೋಗಿ ತಿರುವನಂತಪುರದ ಸೆಕ್ರೆಟೇರಿಯೆಟ್ಟಿನ ಮುಂದೆ ಉಪವಾಸ ಕುಳಿತರು. 2022ರ ಅಕ್ಟೋಬರದಲ್ಲಿ ಇದೇ ಕಾರಣಕ್ಕಾಗಿ ವೃದ್ಧೆಯಾದ ದಯಾಬಾಯಿಯವರು ಮತ್ತೆ ಅಲ್ಲಿಯೇ ಉಪವಾಸ ಮಾಡಬೇಕಾಯಿತು.

ನ್ಯಾಯಾಲಯದ ಛೀಮಾರಿಯ ಮೇಲೆ ಪರಿಹಾರದ ಹಣ ಹಂಚಲ್ಪಟ್ಟಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಂದಿನಿಂದ ಕಛೇರಿಗಳಲ್ಲಿ ಹೊಸದೊಂದು ರಾಗ ಕೇಳಿಬರುತ್ತಿದೆ: "ಐದು ಲಕ್ಷ ಸಿಕ್ಕಿತಲ್ಲ, ಇನ್ನೇನು?" ನಾವು ಲೆಕ್ಕ ಬಲ್ಲವರು. ಇಪ್ಪತ್ತೈದು ವರ್ಷದ ಮಗನಿಗೆ ಇನ್ನು ಇಪ್ಪತ್ತೈದು ವರ್ಷ ಆಯುಸ್ಸಿದ್ದರೆ, 5 ಲಕ್ಷವೆಂದರೆ ದಿನವೊಂದಕ್ಕೆ ಸುಮಾರು 55 ರೂಪಾಯಿ. ಅಪಸ್ಮಾರದ ಮಾತ್ರೆಯೂ, ಮೈಯಡಿಯ ಬಟ್ಟೆಯೂ, ಮಂಗಳೂರಿನ ಆಸ್ಪತ್ರೆಗೆ ಹೋಗುವ ಜೀಪಿನ ಬಾಡಿಗೆಯೂ ಅದರಲ್ಲಿಯೇ ಆಗಬೇಕು. ಪರಿಹಾರವೆಂಬುದು ಕಳೆದುದಕ್ಕೆ ಕೊಟ್ಟ ದಂಡ. ನಾಳೆಯ ಬೆಳಗಿನ ಗಂಜಿಯನ್ನು ಯಾರು ಕುಡಿಸಬೇಕೆಂಬುದಕ್ಕೆ ಅದು ಉತ್ತರವಾಗಲಾರದು.

ಕುಡಿಸುವವಳು ತಾಯಿ. ಅವಳು ಕೂಲಿಗೆ ಹೋಗುವಂತಿಲ್ಲ, ತವರಿನ ಮದುವೆಗೂ ಹೋಗುವಂತಿಲ್ಲ. ಮಗ ಎಳೆಯವನಿದ್ದಾಗ ಸೊಂಟದಲ್ಲೆತ್ತಿಕೊಂಡು ನಡೆದಳು. ಈಗ ಅವನ ಮೈ ಬೆಳೆದಿದೆ, ಅವಳ ಬೆನ್ನು ಬಾಗಿದೆ. ಇವಳಿಗೆಂದು ಸರಕಾರವು ಆಶ್ವಾಸಕಿರಣಂ ಎಂಬ ಯೋಜನೆಯನ್ನು ಮಾಡಿತು. ವರ್ಷಗಳ ಕಾಲ ಅದರ ಮೊಬಲಗು ತಿಂಗಳಿಗೆ 600 ರೂಪಾಯಿ, ಎಂಡೋಸಲ್ಫಾನ್ ಮನೆಗಳಿಗೆ 700. ಅಡಕೆ ತೋಟದ ಒಂದು ದಿನದ ಕೂಲಿಗೂ ಸಾಲದ ಈ ಹಣವೂ ತಿಂಗಳುಗಟ್ಟಲೆ ಬಾಕಿ ನಿಂತುದನ್ನು ನೀವು ಬಲ್ಲಿರಿ. ಹೆಸರಿನಲ್ಲಿ ಆಶ್ವಾಸವಿದೆ, ಕಿರಣವೂ ಇದೆ. ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಏನೂ ಇಲ್ಲ.

ತಾಯಿಗೆ ಹಗಲಿನಲ್ಲಿ ನಾಲ್ಕು ಗಂಟೆಯ ಬಿಡುವನ್ನು ಕೊಡುವುದು ಬಡ್ಸ್ ಶಾಲೆಯೊಂದೇ. ಪಂಚಾಯತುಗಳು ಕುಟುಂಬಶ್ರೀಯ ನೆರವಿನಿಂದ ನಡೆಸುವ ಈ ಶಾಲೆಗಳನ್ನು ಪೆರ್ಲ ಮೊದಲಾದ ಕಡೆಗಳಲ್ಲಿ ಒಮ್ಮೆ ಹೋಗಿ ನೋಡಿರಿ. ಅಲ್ಲಿಯ ಆಯಾ ಏನು ಮಾಡುತ್ತಾಳೆ? ನುಂಗಲಾರದ ಮಗುವನ್ನು ಯಾವ ಓರೆಯಲ್ಲಿ ಕೂರಿಸಿದರೆ ಅನ್ನ ಗಂಟಲಿಗೆ ಸಿಕ್ಕಿಕೊಳ್ಳದೆಂಬುದನ್ನು ಅವಳು ಬಲ್ಲಳು. ಯಾವ ಮಗು ಕಣ್ಣು ಮೇಲೆ ಮಾಡಿದರೆ ಸೆಳವು ಬರುವುದೆಂಬುದನ್ನೂ ಬಲ್ಲಳು. ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಾಳೆ, ಮಲಮೂತ್ರ ಬಳಿಯುತ್ತಾಳೆ, ಹೆಸರು ಹಿಡಿದು ಕರೆಯುತ್ತಾಳೆ. ಇದು ವಿದ್ಯೆಯಲ್ಲವೆನ್ನುವವರು ಒಂದು ದಿನ ಅವಳ ಸ್ಥಾನದಲ್ಲಿ ನಿಂತು ನೋಡಲಿ! ಇಂಥವಳಿಗೆ ಸಿಕ್ಕುವುದು ಗೌರವಧನ. ಕೆಲಸ ಕರಾರಿನದು; ಕರಾರು ಮುಗಿದರೆ, ಪಂಚಾಯತಿಗೆ ಹಣ ಬಾರದಿದ್ದರೆ ಅವಳಿಲ್ಲ. ಅವಳು ಹೋದಳೆಂದರೆ ಅವಳೊಡನೆ ಆ ಮಗುವಿನ ವಿಷಯದಲ್ಲಿ ಅವಳು ಕಲಿತುದೆಲ್ಲವೂ ಹೋಯಿತು. ಹೊಸಬಳು ಬಂದು ಮೊದಲಿನಿಂದ ಕಲಿಯಬೇಕು, ಮಗುವೂ ಹೊಸಬಳನ್ನು ಮೊದಲಿನಿಂದ ನಂಬಬೇಕು. ಅದುದರಿಂದ ಆಯಾಳ ಸಂಬಳವೆಂಬುದು ಮಗುವಿನ ಔಷಧದಷ್ಟೇ ಅಗತ್ಯವಾದುದು.

ಇನ್ನು ಭಾಷೆಯ ಮಾತು. ಇದನ್ನು ನಾವು ಹಟಕ್ಕಾಗಿ ತರುತ್ತಿಲ್ಲ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೇಳಿ ಬೆಳೆದ ಬುದ್ಧಿಮಾಂದ್ಯ ಮಗು ಹತ್ತು ವರ್ಷದ ಶ್ರಮದಿಂದ ನಾಲ್ಕು ಶಬ್ದಗಳನ್ನು ಅರಿತಿರುತ್ತದೆ. ಅವುಗಳಲ್ಲಿ ಒಂದು "ನೀರು". ಆ ಮಗುವಿನ ಮುಂದೆ ನಿಂತು "ವೆಳ್ಳಂ" ಎಂದರೆ ಅದು ಸುಮ್ಮನೆ ನೋಡುತ್ತದೆ. ತಪಾಸಣೆಗೆ ಬಂದವರು "ಗ್ರಹಣಶಕ್ತಿ ಇಲ್ಲ" ಎಂದು ಬರೆದುಕೊಂಡು ಹೋಗುತ್ತಾರೆ. ಸಾಮಾನ್ಯ ಮಗು ಎರಡನೆಯ ಭಾಷೆಯನ್ನು ಬೀದಿಯಲ್ಲಿ ಆಡುತ್ತ ಕಲಿತೀತು. ಬೀದಿಗೇ ಇಳಿಯಲಾರದ ಮಗು ಎಲ್ಲಿ ಕಲಿಯಬೇಕು? ಮಲೆಯಾಳಿ ಸೋದರಿಯರ ಮೇಲೆ ನಮಗೆ ದೂರಿಲ್ಲ. ಅವರಲ್ಲಿ ಎಷ್ಟೋ ಮಂದಿ ನಮ್ಮ ಮಕ್ಕಳಿಗಾಗಿ ನಾಲ್ಕು ಕನ್ನಡ ಮಾತು ಕಲಿತಿದ್ದಾರೆ. ನೇಮಕ ಮಾಡುವವರು ಕನ್ನಡ, ತುಳು ಬಲ್ಲವರನ್ನು ಏಕೆ ಹುಡುಕುವುದಿಲ್ಲವೆಂಬುದೇ ನಮ್ಮ ಪ್ರಶ್ನೆ.

ಖಜಾನೆ ಬರಿದಾಗಿದೆಯೆಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಸಂವಿಧಾನದ 41ನೆಯ ವಿಧಿಯು ಅಂಗವಿಕಲರಿಗೆ ಸರಕಾರದ ನೆರವನ್ನು ಹೇಳುವಾಗ "ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ" ಎಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 24ನೆಯ ಕಲಮಿನಲ್ಲಿಯೂ ಆ ಮಾತಿದೆ. ಅಧಿಕಾರಿಗಳು ಅಲ್ಲಿಗೇ ಓದಿ ನಿಲ್ಲಿಸುತ್ತಾರೆ. ಅದೇ ಕಲಮು ಮುಂದುವರಿದು, ಅಂಗವಿಕಲರಿಗೆ ಸಲ್ಲುವ ನೆರವು ಇತರರಿಗೆ ಸಲ್ಲುವ ಅಂಥದೇ ನೆರವಿಗಿಂತ ಶೇಕಡಾ 25ರಷ್ಟಾದರೂ ಹೆಚ್ಚಿರಬೇಕೆನ್ನುತ್ತದೆ. ಅದನ್ನೇಕೆ ಓದುವುದಿಲ್ಲ? ವಿಷ ಸಿಂಪಡಿಸಲು ಹೆಲಿಕಾಪ್ಟರಿನ ಬಾಡಿಗೆ ಕೊಡುವಾಗ ಆರ್ಥಿಕ ಸಾಮರ್ಥ್ಯದ ಮಿತಿ ನೆನಪಾಗಲಿಲ್ಲವಷ್ಟೆ? ಗೇರುಬೀಜದ ಲಾಭ ಸರಕಾರದ ಸಂಸ್ಥೆಗೆ ಹೋಯಿತು. ನಷ್ಟವನ್ನು ಹೊತ್ತುಕೊಂಡವರು ಈಗ ಕೇಳುತ್ತಿರುವುದು ದಾನವನ್ನಲ್ಲ, ಬಾಕಿಯನ್ನು.

ನಮ್ಮವರಿಗೂ ಒಂದು ಮಾತು ಹೇಳಲೇಬೇಕು. "ಮಹಾಜನ ವರದಿಯಂತೆ ಚಂದ್ರಗಿರಿಯ ಉತ್ತರ ಭಾಗವು ಕರ್ನಾಟಕಕ್ಕೆ ಸೇರಲಿ, ಆಮೇಲೆ ಎಲ್ಲವೂ ಸರಿಹೋದೀತು" ಎಂದು ಸಭೆಗಳಲ್ಲಿ ಕೆಲವರು ಹೇಳುವುದುಂಟು. ವರದಿ ಬಂದುದು 1967ರಲ್ಲಿ. ಅನ್ನ ನುಂಗಲಾರದ ಮಗು ಅಷ್ಟು ಕಾಯುತ್ತದೆಯೆ? ಅಲ್ಲದೆ, ಗಡಿಯಾಚೆ ಸ್ವರ್ಗವಿದೆಯೆಂದೂ ತಿಳಿಯಬೇಡಿ. ದಕ್ಷಿಣ ಕನ್ನಡದ ಗೇರುತೋಟಗಳ ಮೇಲೂ ಅಲ್ಲಿಯ ಸರಕಾರಿ ನಿಗಮವು ಇದೇ ವಿಷವನ್ನು ಸುರಿಸಿತು. ಕೊಕ್ಕಡ, ಕೊಯಿಲಗಳಲ್ಲಿ ಹಗಲುಪಾಲನೆಯ ಕೇಂದ್ರಗಳಾದುದೂ ಮಾಸಾಶನ ಬಂದುದೂ ಅಲ್ಲಿಯ ಜನರು ಬೀದಿಗಿಳಿದು ಕೇಳಿದ ಮೇಲೆಯೇ. ಏಕೀಕರಣದ ಬೇಡಿಕೆಯನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಅದರ ಹೆಸರಿನಲ್ಲಿ ಈ ಮಕ್ಕಳ ಪಾಲನ್ನು ಮುಂದಕ್ಕೆ ಹಾಕುವವರೊಡನೆ ನಾವಿಲ್ಲ.

ಬರುವ ಗ್ರಾಮಸಭೆಗೆ ಒಂದು ಮನೆಯಿಂದ ಒಬ್ಬರಾದರೂ ಹೋಗಿರಿ. ಬಡ್ಸ್ ಶಾಲೆಯ ಶಿಕ್ಷಕಿ, ಆಯಾ, ವಾಹನದ ಚಾಲಕರ ವೇತನಕ್ಕೆ ವರ್ಷಾರಂಭದಲ್ಲಿಯೇ ಹಣ ತೆಗೆದಿಡಬೇಕೆಂದು, ಆ ಹಣವನ್ನು ಬೇರೆ ಖರ್ಚಿಗೆ ತಿರುಗಿಸಕೂಡದೆಂದು, ಅವರ ಹುದ್ದೆಗಳನ್ನು ಖಾಯಂ ಮಾಡಬೇಕೆಂದು, ಪ್ರತಿಯೊಂದು ಶಾಲೆಯಲ್ಲಿಯೂ ಕನ್ನಡ, ತುಳು ಬಲ್ಲವರು ಇರಬೇಕೆಂದು ನಿರ್ಣಯ ಬರೆಯಿಸಿರಿ. ನಿರ್ಣಯವು ಪುಸ್ತಕದಲ್ಲಿ ಬಿದ್ದುದನ್ನು ನೋಡದೆ ಎದ್ದು ಬರಬೇಡಿ. ಆಶ್ವಾಸಕಿರಣದ ಬಾಕಿ ಎಷ್ಟು ತಿಂಗಳಿನದೆಂಬುದನ್ನು ಮನೆವಾರು ಪಟ್ಟಿ ಮಾಡಿ ಜಿಲ್ಲಾಧಿಕಾರಿಗಳಿಗೂ ರಾಜ್ಯದ ಅಂಗವಿಕಲರ ಆಯುಕ್ತರಿಗೂ ಕಳುಹಿಸಿರಿ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ. ಸಂವಿಧಾನದ 350ನೆಯ ವಿಧಿಯೂ ಕೇರಳದ 1969ರ ರಾಜಭಾಷಾ ಕಾಯಿದೆಯೂ ಆ ಹಕ್ಕನ್ನು ನಮಗೆ ಕೊಟ್ಟಿವೆ. ಬರೆಯಲು ಬಾರದ ಮನೆಗಳಿಗೆ ನಮ್ಮ ಸಮಿತಿಯ ಕಾರ್ಯಕರ್ತರು ಬಂದು ಬರೆದುಕೊಡುತ್ತಾರೆ. ರಶೀದಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿರಿ.