ಪ್ರಿಂಟ್ ಬರದಿದ್ದರೆ ಡ್ರೈವರ್ ಮತ್ತೆ ಹಾಕಬೇಕೆ? ಲಿನಕ್ಸ್ ಪ್ರಿಂಟರ್ ಬಗೆಗಿನ ನಂಬಿಕೆ ಮತ್ತು ನಿಜ

ಆಫೀಸಿನಲ್ಲೋ ಕಾಲೇಜಿನಲ್ಲೋ ಪ್ರಿಂಟ್ ಕೊಟ್ಟ ಮೇಲೆ ಕಾಗದ ಬರಲಿಲ್ಲ ಎಂದರೆ ಎಲ್ಲರಿಗೂ ಗೊತ್ತಿರುವ ಮೂರು ಮದ್ದುಗಳಿವೆ. ಮತ್ತೊಮ್ಮೆ ಪ್ರಿಂಟ್ ಒತ್ತುವುದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡುವುದು, ಕೊನೆಗೆ ಪ್ರಿಂಟರನ್ನು ಪಟ್ಟಿಯಿಂದ ತೆಗೆದು ಹೊಸದಾಗಿ ಸೇರಿಸುವುದು. ಮೂರನೆಯದು ಎಷ್ಟೋ ಸಲ ಕೆಲಸವನ್ನೂ ಮಾಡುತ್ತದೆ. ಅದಕ್ಕೇ ‘ಲಿನಕ್ಸ್‌ನಲ್ಲಿ ಡ್ರೈವರ್ ಆಗಾಗ ಹಾಳಾಗುತ್ತದೆ’ ಎಂಬ ಮಾತು ಉಳಿದುಕೊಂಡಿದೆ. ಆದರೆ ನಿನ್ನೆಯವರೆಗೂ ಪ್ರಿಂಟ್ ಬರುತ್ತಿದ್ದ ಯಂತ್ರದಲ್ಲಿ ಮೊದಲು ಅನುಮಾನಿಸಬೇಕಾದದ್ದು ಡ್ರೈವರನ್ನಲ್ಲ, ಸರತಿಯನ್ನು.

ಲಿನಕ್ಸ್, ಆಪಲ್‌ನ ಮ್ಯಾಕ್, ಕ್ರೋಮ್‌ಬುಕ್ ಈ ಮೂರರಲ್ಲೂ ಪ್ರಿಂಟ್ ಕೆಲಸ ನೋಡಿಕೊಳ್ಳುವುದು ಕಪ್ಸ್ ಎಂಬ ತಂತ್ರಾಂಶ. ಮೈಕಲ್ ಸ್ವೀಟ್ 1990ರ ದಶಕದ ಕೊನೆಯಲ್ಲಿ ಇದನ್ನು ಬರೆದರು. 2007ರಲ್ಲಿ ಆಪಲ್ ಕೊಂಡುಕೊಂಡಿತು. ನೀವು ಪ್ರಿಂಟ್ ಒತ್ತಿದಾಗ ಕಡತ ನೇರವಾಗಿ ಪ್ರಿಂಟರಿಗೆ ಹೋಗುವುದಿಲ್ಲ. ಮೊದಲು ಕಪ್ಸ್‌ನ ಸರತಿಯಲ್ಲಿ, ಅಂದರೆ ಕ್ಯೂನಲ್ಲಿ, ನಿಲ್ಲುತ್ತದೆ.

ರೇಷನ್ ಅಂಗಡಿಯನ್ನು ನೆನಪಿಸಿಕೊಳ್ಳಿ. ಟೋಕನ್ ಕೊಡುವುದು ಒಂದು ಕೆಲಸ, ಅಕ್ಕಿ ಅಳೆದು ಕೊಡುವುದು ಇನ್ನೊಂದು. ಕಪ್ಸ್‌ನಲ್ಲೂ ಹೀಗೇ ಎರಡು ಬೇರೆ ಬೇರೆ ಸ್ವಿಚ್‌ಗಳಿವೆ. ಒಂದು, ಹೊಸ ಕೆಲಸವನ್ನು ಸರತಿಗೆ ಸೇರಿಸಿಕೊಳ್ಳಬೇಕೇ ಎಂಬುದು. ಇನ್ನೊಂದು, ಸರತಿಯಲ್ಲಿರುವುದನ್ನು ಪ್ರಿಂಟರಿಗೆ ಕಳಿಸಬೇಕೇ ಎಂಬುದು. ಗೊಂದಲ ಹುಟ್ಟುವುದು ಎರಡನೆಯದು ಮಾತ್ರ ನಿಂತಾಗ. ಟೋಕನ್ ಸಿಗುತ್ತಲೇ ಇರುತ್ತದೆ, ‘ಪ್ರಿಂಟ್ ಕಳಿಸಲಾಗಿದೆ’ ಎಂದು ತೋರಿಸುತ್ತಲೂ ಇರುತ್ತದೆ, ಅಕ್ಕಿ ಮಾತ್ರ ಬರುವುದಿಲ್ಲ. ಹತ್ತು ಸಲ ಒತ್ತಿದರೆ ಹತ್ತು ಟೋಕನ್, ಅಷ್ಟೇ.

ಅದು ನಿಲ್ಲುವುದಾದರೂ ಏಕೆ? ಮುದ್ರಿಸುವಾಗ ದೋಷ ಕಂಡುಬಂದರೆ ಸರತಿಯನ್ನೇ ನಿಲ್ಲಿಸಿಬಿಡುವುದು ಕಪ್ಸ್‌ನ ಮೂಲ ಸೆಟ್ಟಿಂಗ್. ಕೆಲವು ಲಿನಕ್ಸ್ ಆವೃತ್ತಿಗಳು ಇದನ್ನು ಬದಲಿಸಿಕೊಂಡಿವೆ. ಹೀಗೆ ನಿಂತ ಸ್ಥಿತಿ ಡಿಸ್ಕಿನಲ್ಲಿ ದಾಖಲಾಗುತ್ತದೆ, ಹಾಗಾಗಿ ರೀಸ್ಟಾರ್ಟ್ ಮಾಡಿದರೂ ನಿಂತೇ ಇರುತ್ತದೆ.

ಎರಡನೆಯ ಕಾರಣ ವಿಳಾಸದ್ದು. ನೆಟ್‌ವರ್ಕ್ ಪ್ರಿಂಟರಿಗೆ ರೂಟರ್ ಒಂದು ಐಪಿ ವಿಳಾಸ ಕೊಟ್ಟಿರುತ್ತದೆ, ಅದು ಬಾಡಿಗೆ ಮನೆಯಿದ್ದ ಹಾಗೆ. ಹಬ್ಬದ ರಜೆಯಲ್ಲಿ ನಾಲ್ಕು ದಿನ ಪ್ರಿಂಟರ್ ಆಫ್ ಆಗಿದ್ದರೆ ಆ ವಿಳಾಸ ಯಾರದೋ ಮೊಬೈಲಿಗೆ ಹೋಗಿರಬಹುದು. ಕಂಪ್ಯೂಟರ್ ಮಾತ್ರ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಎಷ್ಟು ಹೊತ್ತು? ಸಂಪರ್ಕಕ್ಕಾಗಿ ಕಪ್ಸ್ ಕಾಯುವ ಮೂಲ ಅವಧಿ 6,04,800 ಸೆಕೆಂಡು, ಅಂದರೆ ಪೂರಾ ಒಂದು ವಾರ!

ಪ್ರಿಂಟರನ್ನು ತೆಗೆದು ಮತ್ತೆ ಸೇರಿಸಿದಾಗ ಏಕೆ ಸರಿಹೋಗುತ್ತದೆ ಎಂಬುದು ಈಗ ತಿಳಿಯುತ್ತದೆ. ಹೊಸ ಸರತಿ ತೆರೆದ ಸ್ಥಿತಿಯಲ್ಲಿ, ಇಂದಿನ ವಿಳಾಸದೊಂದಿಗೆ ಹುಟ್ಟುತ್ತದೆ. ಹೆಸರು ಮಾತ್ರ ಡ್ರೈವರಿಗೆ ಬರುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲು ಪ್ರಿಂಟರಿನ ಪರದೆಯಲ್ಲಿ ಅದರ ಈಗಿನ ಐಪಿ ವಿಳಾಸ ನೋಡಿ, ಅದೇ ವೈಫೈಯಲ್ಲಿರುವ ನಿಮ್ಮ ಫೋನಿನ ಬ್ರೌಸರಿನಲ್ಲಿ ಟೈಪ್ ಮಾಡಿ. ಹೆಚ್ಚಿನ ಪ್ರಿಂಟರ್‌ಗಳು ತಮ್ಮದೇ ಒಂದು ಪುಟ ತೆರೆಯುತ್ತವೆ. ತೆರೆದರೆ ಯಂತ್ರವೂ ನೆಟ್‌ವರ್ಕೂ ಸರಿಯಿವೆ ಎಂದರ್ಥ. ಬಳಿಕ ಕಂಪ್ಯೂಟರಿನ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದು, ಕೋಲನ್ ಹಾಕಿ, 631 ಸೇರಿಸಿದರೆ ಕಪ್ಸ್‌ನ ಪುಟ ಸಿಗುತ್ತದೆ (ಮ್ಯಾಕ್‌ನಲ್ಲಿ ಇದನ್ನು ಮೊದಲು ಆನ್ ಮಾಡಿಕೊಳ್ಳಬೇಕು). ಅಲ್ಲಿ ಪ್ರಿಂಟರಿನ ಹೆಸರಿನ ಮುಂದೆ ‘ಪಾಸ್ಡ್’ ಎಂದಿದ್ದರೆ ‘ರೆಸ್ಯೂಮ್ ಪ್ರಿಂಟರ್’ ಒತ್ತಿ. ವಿಳಾಸ ಹೊಂದದಿದ್ದರೆ ‘ಮಾಡಿಫೈ ಪ್ರಿಂಟರ್’. ನಿರ್ವಾಹಕರ ಪಾಸ್‌ವರ್ಡ್ ಬೇಕಾಗುತ್ತದೆ. ವಿಳಾಸ ಪದೇಪದೇ ಬದಲಾಗುತ್ತಿದ್ದರೆ ರೂಟರಿನಲ್ಲೇ ಅದನ್ನು ಪ್ರಿಂಟರಿಗೆ ಕಾಯ್ದಿರಿಸುವುದು ಸರಿಯಾದ ಪರಿಹಾರ. ಡ್ರೈವರ್ ಬದಲಿಸುವುದನ್ನು ನಾನು ಪಟ್ಟಿಯ ಕೊನೆಯಲ್ಲಿಡುತ್ತೇನೆ.

ಹಾಗೆಂದು ವಿಚಿತ್ರವಾಗಿ ಕೇಳುವ ದೂರೆಲ್ಲ ಸುಳ್ಳಲ್ಲ. ಉಬುಂಟು ಬಳಕೆದಾರರೊಬ್ಬರ ಪತ್ನಿ ‘ಮಂಗಳವಾರ ಪ್ರಿಂಟ್ ಬರುವುದಿಲ್ಲ’ ಎಂದು ದೂರುತ್ತಿದ್ದರು. ನಮ್ಮಲ್ಲಾಗಿದ್ದರೆ ಮಂಗಳವಾರ ಒಳ್ಳೆಯ ಕೆಲಸ ಬೇಡ ಎಂದು ನಗುತ್ತಿದ್ದೆವೇನೋ. ಹುಡುಕಿದಾಗ ಅದು ನಿಜವಾಗಿತ್ತು. ಕಡತದ ತಲೆಯಲ್ಲಿದ್ದ ದಿನಾಂಕದ ‘ಟ್ಯೂ’ ಎಂಬ ಮೂರು ಇಂಗ್ಲಿಷ್ ಅಕ್ಷರ ಕಂಡು, ಕಡತದ ಬಗೆ ಗುರುತಿಸುವ ತಂತ್ರಾಂಶ ಅದನ್ನು ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಡತವೆಂದು ತಪ್ಪು ತಿಳಿಯುತ್ತಿತ್ತು.

ಇನ್ನು, ಒತ್ತಿ ಒತ್ತಿ ಬೇಸತ್ತು ಎದ್ದುಹೋಗುವವರಿಗೆ ಒಂದು ಮಾತು. ನೀವು ಕಳಿಸಿದ ಆಧಾರ್ ಪ್ರತಿಯೋ ಸಂಬಳದ ಚೀಟಿಯೋ ಸರತಿಯಲ್ಲೇ ಕಾಯುತ್ತಿರುತ್ತದೆ. ಸಂಜೆ ಯಾರೋ ಸರತಿ ತೆರೆದಾಗ ಹತ್ತೂ ಪ್ರತಿಗಳು ಹೊರಬಂದು ಟ್ರೇಯಲ್ಲಿ ಬಿದ್ದಿರುತ್ತವೆ. ಹೊರಡುವ ಮುನ್ನ ಕಪ್ಸ್‌ ಪುಟದ ‘ಜಾಬ್ಸ್’ ಪಟ್ಟಿಯಲ್ಲಿ ನಿಮ್ಮದನ್ನು ರದ್ದು ಮಾಡಿ. ಮುದ್ರಣವಾದ ಕಡತದ ನಕಲನ್ನು ಕೂಡ ಕಪ್ಸ್ ಮೂಲ ಸೆಟ್ಟಿಂಗ್‌ನಲ್ಲಿ 86,400 ಸೆಕೆಂಡು, ಅಂದರೆ ಒಂದು ದಿನ, ಇಟ್ಟುಕೊಳ್ಳುತ್ತದೆ. ಹಲವರು ಬಳಸುವ ಕಂಪ್ಯೂಟರ್ ಆದರೆ ‘ಪ್ರಿಸರ್ವ್ ಜಾಬ್ ಫೈಲ್ಸ್’ ಎಂಬ ಆ ಸೆಟ್ಟಿಂಗನ್ನು ‘ನೋ’ ಮಾಡುವಂತೆ ನಿರ್ವಾಹಕರನ್ನು ಕೇಳಬಹುದು.