ಇನ್ನೊಬ್ಬರ ಪಟ ಹಿಡಿಯುವವರು

ಸಂಕ್ರಾಂತಿಯ ದಿನಗಳಲ್ಲಿ ಮಣಿಕೊಂಡದ ಮಹಡಿಗಳ ಮೇಲೆ ನಡೆಯುವ ಗಾಳಿಪಟದಾಟಕ್ಕೆ ಒಂದೇ ನಿಯಮ: ಮಾಂಜಾ ಹಚ್ಚಿದ ದಾರದಿಂದ ಪಕ್ಕದವನ ಪಟವನ್ನು ಕತ್ತರಿಸಿದವನೇ ಗೆದ್ದವನು. ಅದೇ ಪಟ ಸಮುದ್ರಕ್ಕೆ ಇಳಿದಾಗ ಈ ನಿಯಮ ತಲೆಕೆಳಗಾಗುತ್ತದೆ. ಕೈಟ್‌ಸರ್ಫಿಂಗ್‌ನಲ್ಲಿ ಹಲಗೆಯ ಮೇಲೆ ನಿಂತವರನ್ನು ಎಳೆದೊಯ್ಯುವುದು ಇಪ್ಪತ್ತು ಮೀಟರಿಗೂ ಉದ್ದವಾದ ದಾರಗಳ ತುದಿಯಲ್ಲಿ ಹಾರುವ ದೊಡ್ಡ ಪಟ. ಅಲ್ಲಿ ದಾರಗಳು ತೊಡಕಿಕೊಂಡರೆ ಗೆಲ್ಲುವವರು ಯಾರೂ ಇಲ್ಲ. ಇಬ್ಬರ ಪ್ರಾಣಕ್ಕೂ ಸಂಚಕಾರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸ್ಥಾನ ಪಡೆದ ಈ ಕ್ರೀಡೆಯ ಸಂಘಗಳು ಸದಸ್ಯತ್ವವನ್ನು ಅರ್ಥ ಮಾಡಿಕೊಂಡಿರುವ ರೀತಿಯಿಂದ, ಹೊರನಾಡಿನಲ್ಲಿ ಸಂಘ ಕಟ್ಟಿಕೊಂಡು ಬದುಕುವ ನಾವು ಕಲಿಯಬೇಕಾದದ್ದಿದೆ ಎಂಬುದು ನನ್ನ ಅಭಿಪ್ರಾಯ.

ಮಣಿಕೊಂಡದಿಂದ ಕಡಲು ಮುನ್ನೂರು ಕಿಲೋಮೀಟರಿಗೂ ಆಚೆ. ಆದರೆ ಆ ಕ್ರಮವನ್ನು ತಿಳಿಯಲು ಕಡಲ ದಂಡೆಯಲ್ಲೇ ಮನೆ ಇರಬೇಕಿಲ್ಲ. ಪಟವನ್ನು ಸುರಕ್ಷಿತವಾಗಿ ಮೇಲೇರಿಸಲು ದಂಡೆಯಲ್ಲಿ ಇನ್ನೊಬ್ಬರು ಅದನ್ನು ಹಿಡಿದು ನಿಲ್ಲಬೇಕು. ಇಳಿಸುವಾಗ ಸವಾರರು ತಮ್ಮ ತಲೆಯನ್ನು ಅಂಗೈಯಿಂದ ತಟ್ಟಿ ಸಂಜ್ಞೆ ಮಾಡುತ್ತಾರೆ. ಅದನ್ನು ಕಂಡವರು ಓಡಿಬಂದು ಪಟವನ್ನು ಹಿಡಿಯಬೇಕು. ಎದುರುಬದುರಾದಾಗ ಯಾರು ದಾರಿ ಬಿಡಬೇಕು, ಯಾರು ಪಟವನ್ನು ಎತ್ತರಿಸಬೇಕು, ಯಾರು ತಗ್ಗಿಸಬೇಕು ಎಂಬುದಕ್ಕೂ ನಿಯಮಗಳಿವೆ. ಹಲವು ದೇಶಗಳಲ್ಲಿ ಸದಸ್ಯತ್ವದ ಜೊತೆಗೆ ವಿಮೆಯೂ ಸೇರಿರುತ್ತದೆ. ಅದು ಸದಸ್ಯರ ಮೈಗಾದ ಗಾಯಕ್ಕಿಂತ ಮಿಗಿಲಾಗಿ ಅವರಿಂದ ಇತರರಿಗಾಗಬಹುದಾದ ಹಾನಿಗೆ ಮಾಡಿಸಿದ ವಿಮೆ. ಹಣ ಕಟ್ಟುವುದು ಇಲ್ಲಿಯೂ ಇದೆ. ಆದರೆ ಹಣ ಕಟ್ಟಿದವರು ಹೆಸರಿಗಷ್ಟೇ ಸದಸ್ಯರು. ಪರರ ಪಟ ಹಿಡಿಯಬಲ್ಲವರು ನಿಜವಾದ ಸದಸ್ಯರು.

ನಮ್ಮ ನಗರಕ್ಕೆ ಕ್ಲಬ್ಬುಗಳು ಹೊಸವಲ್ಲ. ಸಿಕಂದರಾಬಾದ್ ಕ್ಲಬ್ಬು 1878ರಲ್ಲಿ, ನಿಜಾಮ್ ಕ್ಲಬ್ಬು 1884ರಲ್ಲಿ ಹುಟ್ಟಿದವು. ಹಳೆಯ ಕ್ಲಬ್ಬುಗಳ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ: ಒಬ್ಬರು ಸೂಚಿಸಬೇಕು, ಮತ್ತೊಬ್ಬರು ಅನುಮೋದಿಸಬೇಕು, ಅರ್ಜಿದಾರರು ಕಾಯಬೇಕು. ಅಲ್ಲಿ ಸದಸ್ಯತ್ವವೆಂಬುದು ಒಂದು ಅಂತಸ್ತು. ನಮ್ಮ ಹೊರನಾಡ ಕನ್ನಡ ಸಂಘಗಳು ಇಂತಹ ಬಾಗಿಲು ಹಾಕಿಕೊಂಡವಲ್ಲ, ನಿಜ. ಆದರೆ ಅವು ಇನ್ನೊಂದು ತುದಿಗೆ ಹೋಗಿವೆ. ಒಮ್ಮೆ ಹಣ ಕಟ್ಟಿದರೆ ಆಜೀವ ಸದಸ್ಯತ್ವ. ಅನಂತರ ರಾಜ್ಯೋತ್ಸವದ ಊಟಕ್ಕೂ ಚುನಾವಣೆಯ ಮತಕ್ಕೂ ಹಕ್ಕುದಾರಿಕೆ. ಸದಸ್ಯರ ಪಟ್ಟಿ ಬೆಳೆಯುತ್ತದೆ. ಕುರ್ಚಿ ಜೋಡಿಸಲು ಬರುವವರು ಮಾತ್ರ ಅದೇ ಐದಾರು ಮಂದಿ. ಸಂಘವು ಹೀಗೆ ಬಡವಾಗುವುದು ಹಣದ ಕೊರತೆಯಿಂದಲ್ಲ.

ಹೈದರಾಬಾದಿನ ಕನ್ನಡಿಗರಿಗೆ ಇದು ಈಗ ಕೇವಲ ತರ್ಕದ ಪ್ರಶ್ನೆಯಾಗಿ ಉಳಿದಿಲ್ಲ. ಕರ್ನಾಟಕ ಸಾಹಿತ್ಯ ಮಂದಿರ ಇರುವುದು ಕಾಚಿಗುಡದಲ್ಲಿ. ಉದ್ಯೋಗವನ್ನು ಅರಸಿ ಬಂದ ಹೊಸ ತಲೆಮಾರು ನೆಲೆಸಿರುವುದು ನಗರದ ಪಶ್ಚಿಮಕ್ಕೆ, ಮಣಿಕೊಂಡ, ಗಚ್ಚಿಬೌಲಿಗಳ ಬಹುಮಹಡಿ ಮನೆಗಳಲ್ಲಿ. ನಡುವಿನ ಸುಮಾರು ಇಪ್ಪತ್ತು ಕಿಲೋಮೀಟರು ದಾರಿಯನ್ನು ರಸೀದಿ ಪುಸ್ತಕವೊಂದೇ ದಾಟಿಸಲಾರದು. ಹೊಸದಾಗಿ ಬಂದವರು ಕೇಳುವುದು ‘ಎಷ್ಟು ಕೊಡಬೇಕು?’ ಎಂದಲ್ಲ, ‘ಅಲ್ಲಿ ನನ್ನಿಂದ ಆಗಬೇಕಾದದ್ದು ಏನು?’ ಎಂದು. ಅದಕ್ಕೆ ನಮ್ಮ ಅರ್ಜಿ ನಮೂನೆಯಲ್ಲಿ ಒಂದು ಸಾಲೂ ಇರುವುದಿಲ್ಲ. ಉತ್ತರ ಸಿಗದಿದ್ದರೆ ಅವರು ದೂರ ಉಳಿಯುತ್ತಾರೆ. ಅವರ ಮಕ್ಕಳ ಬಾಯಿಂದ ಕನ್ನಡವೂ ದೂರ ಸರಿಯುತ್ತದೆ.

ಅರ್ಹತೆಯನ್ನು ಮುಂದಿಟ್ಟರೆ ಅದೇ ಹೊಸ ಬೇಲಿಯಾಗದೆ ಎಂಬ ಆಕ್ಷೇಪವುಂಟು. ಇದು ತಳ್ಳಿಹಾಕುವಂಥದ್ದಲ್ಲ. ಕೈಟ್‌ಸರ್ಫಿಂಗ್‌ನ ಸಲಕರಣೆಗಳು ದುಬಾರಿ. ಕಲಿತವರನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದರೆ ಉಳ್ಳವರಷ್ಟೇ ಉಳಿಯುತ್ತಾರೆ. ಈ ಆಕ್ಷೇಪಕ್ಕೆ ಉತ್ತರ ನಮ್ಮ ಹುಸೇನ್ ಸಾಗರದಲ್ಲೇ ಇದೆ. 2009ರಲ್ಲಿ ಆರಂಭವಾದ ಯಾಟ್ ಕ್ಲಬ್ ಆಫ್ ಹೈದರಾಬಾದ್, ರಸೂಲ್‌ಪುರದ ಉದ್ಭವ್ ಶಾಲೆಯಂಥ ಕಡೆಗಳಿಂದ ಬಡ ಕುಟುಂಬಗಳ ಮಕ್ಕಳನ್ನು ಕರೆತಂದು ಹಾಯಿದೋಣಿ ನಡೆಸುವುದನ್ನು ಕಲಿಸಿತು. ಅವರಲ್ಲಿ ಕೆಲವರು ರಾಷ್ಟ್ರಮಟ್ಟದ ಪದಕಗಳನ್ನು ಗೆದ್ದರು. ನಮ್ಮ ಕರಾವಳಿಯ ಮೂಲ್ಕಿಯಲ್ಲಿ 2004ರಲ್ಲಿ ಆಶ್ರಮವೊಂದರ ಆವರಣದಲ್ಲಿ ಹುಟ್ಟಿದ ಮಂತ್ರ ಸರ್ಫ್ ಕ್ಲಬ್ಬೂ ಸ್ಥಳೀಯ ಹುಡುಗರಿಗೆ ಅಲೆಯ ಮೇಲೆ ನಿಲ್ಲುವುದನ್ನು ಕಲಿಸಿತು. ಅರ್ಹತೆಯನ್ನು ಕೇಳುವ ಸಂಘವು ಆ ಅರ್ಹತೆಯನ್ನು ಕಲಿಸಿಕೊಡುವ ಹೊಣೆಯನ್ನೂ ಹೊತ್ತರೆ ಬೇಲಿ ಮೆಟ್ಟಿಲಾಗುತ್ತದೆ.

ನೀರು, ಗಾಳಿ, ಭಾಷೆಗಳು ಯಾವ ಸಂಘದ ಸ್ವತ್ತೂ ಅಲ್ಲ ಎಂಬುದನ್ನೂ ಮರೆಯಬಾರದು. 1908ರ ಮೂಸಿ ಪ್ರವಾಹದ ಬಳಿಕ ವಿಶ್ವೇಶ್ವರಯ್ಯನವರು ಈ ನಗರಕ್ಕೆ ಬಂದು ಸಲಹೆ ನೀಡಿದ್ದರ ಫಲವಾಗಿ ಮಣಿಕೊಂಡಕ್ಕೆ ಸಮೀಪದ ಗಂಡಿಪೇಟೆಯಲ್ಲಿ ಉಸ್ಮಾನ್ ಸಾಗರ ನಿಂತಿತು. ಅದು ಊರಿಗೆಲ್ಲ ಕುಡಿಯುವ ನೀರು ಕೊಟ್ಟಿತು. ಯಾರನ್ನೂ ‘ನೀವು ಸದಸ್ಯರೇ?’ ಎಂದು ಕೇಳಲಿಲ್ಲ. ಎಲ್ಲರಿಗೂ ಸೇರಿದ್ದನ್ನು ಬಳಸುವ ಸಂಘದ ಸದಸ್ಯರು ಒಡೆಯರಾಗಲಾರರು, ಕಾವಲುಗಾರರಷ್ಟೇ ಆಗಬಲ್ಲರು.

ಹಾಗಾಗಿ ನನ್ನ ಸಲಹೆ ಇಷ್ಟು. ಸದಸ್ಯತ್ವದ ಹಣ ಕಡಿಮೆಯಾಗಲಿ. ಹೊಸ ಆಜೀವ ಸದಸ್ಯತ್ವಗಳನ್ನು ನಿಲ್ಲಿಸಿ, ವರ್ಷಕ್ಕೊಮ್ಮೆ ನವೀಕರಿಸುವ ಪದ್ಧತಿ ಬರಲಿ. ನವೀಕರಣದ ವೇಳೆ ಸಂಘವು ಒಂದೇ ಪ್ರಶ್ನೆ ಕೇಳಲಿ: ಈ ವರ್ಷ ನೀವು ಯಾರ ಪಟ ಹಿಡಿದಿರಿ? ಒಂದು ಮಗುವಿಗೆ ಅಕ್ಷರಮಾಲೆ ಕಲಿಸಿದ್ದಿರಬಹುದು, ಊರಿಗೆ ಹೊಸಬರಾದವರಿಗೆ ಬಾಡಿಗೆ ಮನೆ ಹುಡುಕಿಕೊಟ್ಟದ್ದಿರಬಹುದು, ನಾಟಕದ ದಿನ ಪರದೆ ಎಳೆದದ್ದಿರಬಹುದು. ಮನೆಯಿಂದ ಹೊರಬರಲಾಗದ ಹಿರಿಯರು ವಾರಕ್ಕೊಮ್ಮೆ ಒಂದು ಮಗುವಿಗೆ ಫೋನಿನಲ್ಲಿ ಕಥೆ ಹೇಳಿದರೂ ಸಾಕು. ಉತ್ತರ ಕೊಡಲಾಗದವರನ್ನು ಹೊರಗಟ್ಟುವುದು ಬೇಡ; ಮುಂದಿನ ವರ್ಷಕ್ಕೆ ಅವರ ಕೈಗೆ ಒಂದು ಕೆಲಸ ಕೊಟ್ಟರಾಯಿತು.