ಕೂಸು ಹುಟ್ಟುವ ಮುನ್ನ

‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೆಲಸ ಕೈಗೂಡುವ ಮೊದಲೇ ಸಡಗರಕ್ಕೆ ತೊಡಗುವವರನ್ನು ಕಂಡು ನಗಲು ಈ ಮಾತು ಬಳಕೆಯಾಗುತ್ತದೆ. ಆದರೆ ಆ ನಗೆಯ ಹಿಂದೆ ಒಂದು ಅಳಲು ಅಡಗಿರುವುದನ್ನು ಗಮನಿಸುವವರು ಕಡಿಮೆ. ಭಾರತದಲ್ಲಿ 1971ರಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ಮೊದಲ ಹುಟ್ಟುಹಬ್ಬವನ್ನು ಕಾಣಲಿಲ್ಲ. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿದಿತ್ತು. ಅದಕ್ಕೂ ಹಿಂದಿನ ಕಾಲದ ಮಾತನ್ನು ಹೇಳಬೇಕಾದ್ದೇ ಇಲ್ಲ. ಹೊಲಿಸಿಟ್ಟ ಕುಲಾವಿಯನ್ನು ತೊಡುವ ತಲೆಯಿಲ್ಲದೆ, ಅದನ್ನು ಕಣ್ಣಿಗೆ ಬೀಳದಂತೆ ಎಲ್ಲಿ ಬಚ್ಚಿಡುವುದೆಂದು ತಾಯಿಯೊಬ್ಬಳು ಹುಡುಕಿದ ಮನೆಗಳು ಊರೂರಿನಲ್ಲಿಯೂ ಇದ್ದವು. ಹೆರಿಗೆಗೆ ಮುಂಚೆ ಹೊಸದೇನನ್ನೂ ತರಬಾರದೆಂದು ಹಿರಿಯರು ಹಟ ಹಿಡಿದದ್ದು ಬರಿಯ ಮೂಢನಂಬಿಕೆಯಿಂದಲ್ಲ. ನೊಂದವರ ಎಚ್ಚರಿಕೆಯೂ ಅದರಲ್ಲಿ ಇತ್ತು.

ಹಾಗೆಂದು ಅವರು ಕೈಕಟ್ಟಿ ಕುಳಿತರೇ? ಅದೂ ಇಲ್ಲ. ಹೊಸದು ಬೇಡವೆಂದ ಹಿರಿಯರು ಹಳೆಯದನ್ನು ಕೂಡಿಡುತ್ತಿದ್ದರು. ಉಟ್ಟು ಒಗೆದು ಹೂವಿನಂತೆ ಮೆತ್ತಗಾದ ನೂಲಿನ ಸೀರೆ, ಅಂಚು ಸವೆದ ಪಂಚೆ, ಆರೋಗ್ಯವಾಗಿ ಬೆಳೆದ ಬಂಧುಗಳ ಮಕ್ಕಳು ತೊಟ್ಟು ಬಿಟ್ಟ ಅಂಗಿ, ಇವೆಲ್ಲ ಸದ್ದಿಲ್ಲದೆ ಒಂದೆಡೆ ಸೇರುತ್ತಿದ್ದವು. ವಿಧಿಗೆ ಸವಾಲು ಹಾಕಿದಂತೆಯೂ ಆಗಲಿಲ್ಲ, ಬರುವ ಕೂಸಿಗೆ ಬಟ್ಟೆಯ ಕೊರತೆಯೂ ಆಗಲಿಲ್ಲ.

ಮೈಸೂರಿನ ಒಂದು ಮನೆಯ ಕಥೆ ಹೀಗಿದೆ. ಸೀಮಂತ ಮುಗಿಸಿಕೊಂಡು ಮಗಳು ಬೆಂಗಳೂರಿನಿಂದ ತವರಿಗೆ ಬಂದಳು. ಅವಳು ಬಂದ ಮೂರನೆಯ ದಿನವೇ ಬಿಸಾಡುವ ಡಯಾಪರುಗಳ ಎರಡು ದೊಡ್ಡ ಕಟ್ಟುಗಳು ಬಾಗಿಲಿಗೆ ಬಂದಿಳಿದವು. ಅಜ್ಜಿಯ ಮುಖ ಸಣ್ಣದಾಯಿತು. ಊಟವಾದ ಮೇಲೆ ಅವರು ಮಂಚದ ಕೆಳಗಿನ ಕಬ್ಬಿಣದ ಟ್ರಂಕನ್ನು ಎಳೆಸಿ, ಬೀಗ ತೆಗೆದರು. ಅದರಲ್ಲಿ ಮೊಮ್ಮಗಳು ಕೂಸಾಗಿದ್ದಾಗ ಬಳಸಿದ ಬಟ್ಟೆಗಳಿದ್ದವು: ಚೌಕವಾಗಿ ಹರಿದು ಅಂಚು ಹೊಲಿದ ತುಂಡುಗಳು, ಹಿಂದೆ ಗಂಟು ಹಾಕುವ ಜುಬ್ಬಗಳು, ಕೆಂಪು ಅಂಚಿನ ಒಂದು ಕುಲಾವಿ. ಇಪ್ಪತ್ತೆಂಟು ವರ್ಷಗಳಲ್ಲಿ ಒಂದು ನೂಲೂ ಕೆಟ್ಟಿರಲಿಲ್ಲ.

“ಇವನ್ನೆಲ್ಲ ಈಗ ಯಾರು ಒಗೆಯುತ್ತಾರೆ, ಅಜ್ಜಿ?” ಎಂದಳು ಮೊಮ್ಮಗಳು.

“ನಿನ್ನ ಬಟ್ಟೆ ಯಾರು ಒಗೆದರೋ ಅವರೇ ಒಗೆಯುತ್ತಾರೆ” ಎಂದರು ಅಜ್ಜಿ.

ಮಾತು ಅಲ್ಲಿಗೆ ನಿಲ್ಲುತ್ತಿತ್ತೋ ಏನೋ, ಅಷ್ಟರಲ್ಲಿ ಮೊಸರಿನ ಹೆಪ್ಪಿಗಾಗಿ ಪಕ್ಕದ ಮನೆಯಾಕೆ ಬಂದರು. ಆಕೆ ಬಹುಕಾಲ ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಟ್ರಂಕಿನ ಬಳಿ ಬಗ್ಗಿ ಒಮ್ಮೆ ಉಸಿರೆಳೆದವರೇ, “ಅಮ್ಮಾ, ಬೇಸರ ಮಾಡಿಕೊಳ್ಳಬೇಡಿ. ಈ ಬಟ್ಟೆ ಕೂಸಿಗೆ ಬೇಡಿ” ಎಂದರು. ಬಟ್ಟೆಗಳ ಮಡಿಕೆ ಮಡಿಕೆಯಲ್ಲಿಯೂ ನುಸಿಗುಳಿಗೆಯ ವಾಸನೆ ಇಡುಕಿರಿದಿತ್ತು.

“ಹುಳ ಮುಟ್ಟದ ಹಾಗೆ ಇಷ್ಟು ವರ್ಷ ಕಾಪಾಡಿದೆ. ಈಗ ನಾನೇ ವಿಷ ಇಟ್ಟೆ ಅನ್ನುತ್ತೀರಾ?” ಎಂದ ಅಜ್ಜಿಯ ಗಂಟಲು ಕಟ್ಟಿತು.

ಅಜ್ಜಿಯದು ತಪ್ಪೆನ್ನುವಂತಿಲ್ಲ. ಆದರೆ ದಾದಿಯ ಮಾತು ನಿಜ. ನುಸಿಗುಳಿಗೆಗಳಲ್ಲಿ ಹಲವು ನ್ಯಾಫ್ತಲೀನ್ ಎಂಬ ವಸ್ತುವಿನವು. ಅದು ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಆ ಆವಿ ಬಟ್ಟೆಯ ಎಳೆಗಳಲ್ಲಿ ನೆಲೆಸುತ್ತದೆ. ಕೂಸು ಅದನ್ನು ಉಸಿರಾಡುತ್ತದೆ. ಎಳೆಯ ಚರ್ಮವೂ ಅದನ್ನು ಹೀರಿಕೊಳ್ಳುತ್ತದೆ. ಎಣ್ಣೆ ಸವರಿದ ಮೈಯಾದರೆ ಹೀರುವುದು ಇನ್ನೂ ಸುಲಭ. ಕೆಲವು ಮಕ್ಕಳ ಕೆಂಪು ರಕ್ತಕಣಗಳಲ್ಲಿ ‘ಜಿ6ಪಿಡಿ’ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುತ್ತದೆ. ತಾಯಿಯ ಮೂಲಕ ಬರುವ ಈ ಕೊರತೆ ಗಂಡುಮಕ್ಕಳಲ್ಲಿ ಹೆಚ್ಚು. ಮೇಲ್ನೋಟಕ್ಕೆ ಅದರ ಸುಳಿವೂ ಇರುವುದಿಲ್ಲ. ಅಂಥ ಕೂಸಿಗೆ ನ್ಯಾಫ್ತಲೀನ್ ಸೋಂಕಿದರೆ ರಕ್ತಕಣಗಳು ಒಡೆಯುತ್ತವೆ, ಕಾಮಾಲೆ ವೇಗವಾಗಿ ಏರುತ್ತದೆ, ಮಿತಿಮೀರಿದರೆ ಮಿದುಳಿಗೇ ಹಾನಿಯಾಗುತ್ತದೆ. ನ್ಯಾಫ್ತಲೀನಿನಿಂದ ಹೀಗೆ ರಕ್ತಕಣ ಒಡೆದ 21 ನವಜಾತ ಶಿಶುಗಳ ವೃತ್ತಾಂತವನ್ನು ಗ್ರೀಸ್ ದೇಶದ ವೈದ್ಯರು 1963ರಲ್ಲಿಯೇ ಪ್ರಕಟಿಸಿದ್ದರು. ಅರಿವು ಹಳೆಯದು, ಮನೆಗಳಿಗೆ ಮಾತ್ರ ಅದು ಇನ್ನೂ ಸಾಕಷ್ಟು ಮುಟ್ಟಿಲ್ಲ.

ಒಂದೆರಡು ಸಲ ಒಗೆದ ಮಾತ್ರಕ್ಕೆ ಈ ವಸ್ತು ಪೂರ್ಣವಾಗಿ ಹೋಗುತ್ತದೆಂದು ನಂಬುವಂತಿಲ್ಲ. ಆದ್ದರಿಂದ ಗುಳಿಗೆಯ ನಡುವೆ ಇದ್ದ ಬಟ್ಟೆ, ಕಂಬಳಿ, ರಗ್ಗುಗಳನ್ನು ಎಳೆಗೂಸಿನ ಬಳಿ ತರದಿರುವುದೇ ಲೇಸು. ಬಾಣಂತಿಯ ಕೋಣೆಯ ಬೀರುವಿನಲ್ಲಿಯೂ ಆ ಗುಳಿಗೆ ಇರಬಾರದು. ಬಟ್ಟೆಯನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಆಗಾಗ ಬಿಸಿಲಿಗೆ ಹಾಕಿದರೆ ಗುಳಿಗೆಯ ಅಗತ್ಯವೇ ಬೀಳದು.

ಆ ರಾತ್ರಿ ಅಜ್ಜಿ ಹೆಚ್ಚು ಮಾತನಾಡಲಿಲ್ಲ. ಬೆಳಗ್ಗೆ ಎದ್ದವರು ಹಿತ್ತಿಲಿನ ಹಗ್ಗದ ಮೇಲೆ ಒಣಗುತ್ತಿದ್ದ ತಮ್ಮ ನಿತ್ಯದ ನೂಲಿನ ಸೀರೆಗಳೆರಡನ್ನು ತೆಗೆದುಕೊಂಡು ಬಂದು ಕತ್ತರಿ ಕೇಳಿದರು. ಉಡುವ ಸೀರೆಯನ್ನು ಹರಿಯುವುದೇ ಎಂದು ಮಗಳು ತಡೆಯಹೋದರೆ, “ಇವಕ್ಕೆ ಯಾವ ಗುಳಿಗೆಯೂ ತಾಕಿಲ್ಲ” ಎಂದಷ್ಟೇ ಹೇಳಿ, ಅಂಚಿಗೆ ಕತ್ತರಿ ಹಾಕಿ ಸರ್ರನೆ ಸೀಳಿದರು.

ಐದೂವರೆ ಮೀಟರು ಉದ್ದದ ಸೀರೆಯನ್ನು ಅಗಲದಲ್ಲಿ ಎರಡು ಸೀಳು ಮಾಡಿ, ಉದ್ದವನ್ನು ಹತ್ತು ಪಾಲು ಮಾಡಿದರೆ ಇಪ್ಪತ್ತು ಚೌಕಗಳು ದೊರೆಯುತ್ತವೆ. ಎರಡು ಸೀರೆಗೆ ನಲವತ್ತು. ಎಳೆಗೂಸಿಗೆ ದಿನಕ್ಕೆ ಹತ್ತು ಹನ್ನೆರಡು ಸಲ ಬಟ್ಟೆ ಬದಲಿಸಬೇಕಾಗಿ ಬರುವುದರಿಂದ, ಒಂದು ದಿನದ್ದು ಮೈಮೇಲೆ, ಒಂದು ದಿನದ್ದು ಹಗ್ಗದ ಮೇಲೆ, ಒಂದು ದಿನದ್ದು ಮಡಿಕೆಯಲ್ಲಿ ಎಂಬ ಲೆಕ್ಕಕ್ಕೆ ಇದು ಸರಿಹೋಗುತ್ತದೆ. ಮಳೆಗಾಲದ ಹೆರಿಗೆಯಾದರೆ ಇನ್ನೊಂದು ಸೀರೆ ಹೆಚ್ಚಿಗೆ ಬೇಕು. ನೂಲಿನದೇ ಆಗಬೇಕು, ಕೃತಕ ನೂಲಿನ ಸೀರೆ ನೋಡಲು ಮೆತ್ತಗಿದ್ದರೂ ನೀರನ್ನು ಹೀರುವುದಿಲ್ಲ. ಸಾಧ್ಯವಾದಷ್ಟು ಬಿಳಿಯದು ಅಥವಾ ತಿಳಿಬಣ್ಣದ್ದು ಇರಲಿ. ಇದಕ್ಕೆ ಕಾರಣವನ್ನು ಮುಂದೆ ಕಾಣಬಹುದು.

ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ ಮುಕ್ಕೋನವಾಗುತ್ತದೆ. ಉದ್ದನೆಯ ಅಂಚು ಸೊಂಟದ ಕೆಳಗೆ, ಒಂದು ತುದಿ ಕಾಲುಗಳ ನಡುವಿನಿಂದ ಮೇಲಕ್ಕೆ, ಎರಡು ತುದಿಗಳು ಪಕ್ಕದಿಂದ ಮುಂದಕ್ಕೆ ಬಂದು ಸಡಿಲವಾದ ಒಂದು ಗಂಟು. ಹೊಕ್ಕುಳಬಳ್ಳಿ ಒಣಗಿ ಬೀಳುವ ತನಕ ಬಟ್ಟೆಯ ಮೇಲಂಚು ಹೊಕ್ಕುಳಿನ ಕೆಳಗೇ ನಿಲ್ಲಬೇಕು. ಹಿಂದೆ ಇನ್ನೂ ಸರಳವಾದ ಉಪಾಯವಿತ್ತು. ಮಗುವಿನ ಉಡಿದಾರಕ್ಕೆ ಹಿಂದೆ ಮುಂದೆ ಸಿಕ್ಕಿಸಿದ ಒಂದು ಪಟ್ಟಿಯೇ ಲಂಗೋಟಿ. ಯಾವ ರೀತಿಯಲ್ಲಿ ಕಟ್ಟಿದರೂ ಕೂಸಿನ ತೊಡೆಗಳು ಕಪ್ಪೆಯ ಕಾಲಿನಂತೆ ಅಗಲಿಸಿ ಮಡಿಚಿಕೊಳ್ಳಲು ಅವಕಾಶವಿರಬೇಕು. ಕಾಲುಗಳನ್ನು ನೀಳವಾಗಿ ಚಾಚಿಸಿ ಬಿಗಿಯಾಗಿ ಸುತ್ತಿದರೆ ಸೊಂಟದ ಕೀಲು ಗೂಡಿನಲ್ಲಿ ಸರಿಯಾಗಿ ಕೂರದೆ ಹೋಗಬಹುದು. ಜಪಾನಿನಲ್ಲಿ 1970ರ ದಶಕದಲ್ಲಿ ಹೀಗೆ ಬಿಗಿದು ಸುತ್ತುವುದನ್ನು ಬಿಡಿರೆಂದು ತಾಯಂದಿರಿಗೆ ತಿಳಿಹೇಳಿದ ಮೇಲೆ ಸೊಂಟದ ಕೀಲು ತಪ್ಪುವ ಮಕ್ಕಳ ಸಂಖ್ಯೆ ಬಹಳವಾಗಿ ಇಳಿಯಿತು.

ಇನ್ನು ಬಿಳಿಯ ಬಟ್ಟೆಯ ಮಾತು. ಮಾತು ಬಾರದ ಕೂಸು ತನ್ನ ಆರೋಗ್ಯದ ವರದಿಯನ್ನು ಒಪ್ಪಿಸುವುದು ಈ ಬಟ್ಟೆಯ ಮೇಲೆಯೇ. ಮೊದಲ ದಿನ ಒಂದು ಸಲ, ಎರಡನೆಯ ದಿನ ಎರಡು ಸಲ ಒದ್ದೆಯಾದರೂ ಸಾಕು. ಐದಾರು ದಿನಗಳ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಒದ್ದೆಯಾಗುತ್ತಿದ್ದರೆ ಕೂಸಿಗೆ ಹಾಲು ಸಾಲುತ್ತಿದೆ ಎಂದು ತಿಳಿಯಬಹುದು. ‘ಹಾಲು ಸಾಲದೇನೋ’ ಎಂಬ ಚಿಂತೆಯಿಂದ ಎಷ್ಟೋ ಚೊಚ್ಚಲು ಬಾಣಂತಿಯರು ಅನಗತ್ಯವಾಗಿ ಡಬ್ಬಿಯ ಹಾಲಿಗೆ ಕೈಹಾಕುತ್ತಾರೆ. ಅಂಥವರಿಗೆ ಹಗ್ಗದ ಮೇಲಿನ ಬಟ್ಟೆಗಳ ಎಣಿಕೆಯೇ ಧೈರ್ಯ ತುಂಬುತ್ತದೆ. ಒದ್ದೆಯನ್ನೆಲ್ಲ ಹೀರಿ ಒಣಗಿದಂತೆ ತೋರುವ ಡಯಾಪರಿನಲ್ಲಿ ಈ ಎಣಿಕೆ ಅಷ್ಟು ಸುಲಭವಲ್ಲ.

ಬಣ್ಣವೂ ಮಾತನಾಡುತ್ತದೆ. ಮೊದಲೆರಡು ದಿನ ಡಾಂಬರಿನಂತೆ ಕಪ್ಪಾಗಿ ಅಂಟುವ ಮಲ, ನಾಲ್ಕೈದು ದಿನಗಳಲ್ಲಿ ಹಸಿರಿಗೆ ತಿರುಗಿ, ಅನಂತರ ಹಳದಿಯಾಗಬೇಕು. ಎಳೆಗೂಸಿನ ಮೂತ್ರಕ್ಕೆ ಬಣ್ಣವೇ ಇರಬಾರದೆನ್ನಬಹುದು. ಬಿಳಿಯ ಬಟ್ಟೆಯ ಮೇಲೆ ಅದು ದಿನವೂ ಹಳದಿ ಕಲೆ ಮಾಡುತ್ತಿದ್ದರೆ, ಇಲ್ಲವೆ ಮಲ ಸುಣ್ಣದಂತೆ, ಜೇಡಿಯಂತೆ ಬಿಳಿಚಿದ್ದರೆ, ಅದು ಪಿತ್ತನಾಳದ ತೊಂದರೆಯಿರಬಹುದು. ಜಪಾನಿನ ವೈದ್ಯ ಮೊರಿಯೊ ಕಸಾಯಿ 1959ರಲ್ಲಿ ಪ್ರಕಟಿಸಿದ ಶಸ್ತ್ರಚಿಕಿತ್ಸೆ ಇದಕ್ಕೆ ಉಂಟು. ಆದರೆ ಅದು ಕೂಸಿಗೆ ಎರಡು ತಿಂಗಳು ತುಂಬುವುದರೊಳಗೆ ನಡೆದರೆ ಫಲ ಹೆಚ್ಚು. ‘ಕಾಮಾಲೆ ತಾನಾಗಿ ಇಳಿಯುತ್ತದೆ, ಎಳೆಬಿಸಿಲಿಗೆ ಹಿಡಿಯಿರಿ’ ಎಂದು ವಾರಗಟ್ಟಲೆ ಕಾಯುತ್ತ ಕುಳಿತರೆ ಆ ಅವಧಿ ಕೈತಪ್ಪುತ್ತದೆ. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಥವಾ ಅಂಗೈ ಅಂಗಾಲುಗಳವರೆಗೂ ಹಳದಿ ಹರಡಿದರೆ, ಅಂದೇ ಆಸ್ಪತ್ರೆಗೆ ಹೋಗಬೇಕು.

ಒಗೆಯುವ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಮಲವನ್ನು ಮೊದಲು ಕೊಡವಿ ತೊಳೆದು, ಬಟ್ಟೆಯನ್ನು ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಬಿಸಿನೀರು ಸಾಬೂನಿನಲ್ಲಿ ಒಗೆದು, ಸಾಬೂನು ಪೂರ್ಣವಾಗಿ ಹೋಗುವವರೆಗೆ ಜಾಲಿಸಬೇಕು. ಉಳಿದ ಸಾಬೂನೇ ಎಷ್ಟೋ ಸಲ ಕೂಸಿನ ಚರ್ಮ ಕೆಂಪಾಗಲು ಕಾರಣ. ಬಟ್ಟೆಗೆ ಪರಿಮಳ, ನುಣುಪು ಕೊಡುವ ದ್ರಾವಣಗಳು ಬೇಡ. ಅವು ಎಳೆಗಳಿಗೆ ಮೆತ್ತಿಕೊಂಡು ಹೀರುವ ಶಕ್ತಿಯನ್ನು ಕುಗ್ಗಿಸುತ್ತವೆ. ಬಿಸಿಲಿಗಿಂತ ಮಿಗಿಲಾದ ಒಣಗಿಸುವ ಸಾಧನವಿಲ್ಲ. ಮಳೆಗಾಲದಲ್ಲಿ ಕೆಂಡದ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರಡಿ ಒಣಗಿಸುವ ರೂಢಿ ಇತ್ತು. ಆ ಹೊಗೆ ಕೂಸಿನ ಶ್ವಾಸಕ್ಕೆ ಒಳ್ಳೆಯದಲ್ಲ. ಇಸ್ತ್ರಿಪೆಟ್ಟಿಗೆ ಆ ಕೆಲಸವನ್ನು ಹೊಗೆಯಿಲ್ಲದೆ ಮಾಡಿಕೊಡುತ್ತದೆ.

ಹಾಗಾದರೆ ಬಾಗಿಲಿಗೆ ಬಂದಿಳಿದ ಆ ಎರಡು ಕಟ್ಟುಗಳು ಅಪರಾಧವೇ? ಅಲ್ಲ. ಅಮೆರಿಕದ ಮೇರಿಯನ್ ಡಾನೊವನ್ ಎಂಬ ತಾಯಿ 1946ರಲ್ಲಿ ಸ್ನಾನಗೃಹದ ಪರದೆಯನ್ನು ಕತ್ತರಿಸಿ ಡಯಾಪರಿನ ಮೇಲೆ ತೊಡಿಸುವ ನೀರು ಸೋರದ ಕವಚವನ್ನು ಹೊಲಿದದ್ದು, ಹಗಲೂ ರಾತ್ರಿ ಹಾಸಿಗೆ ಬಟ್ಟೆ ಬದಲಿಸಿ ದಣಿದದ್ದರಿಂದಲೇ. ವಿಕ್ಟರ್ ಮಿಲ್ಸ್ ಎಂಬ ರಸಾಯನ ಎಂಜಿನಿಯರ್ ಒಂದು ದೊಡ್ಡ ಸಾಬೂನು ಕಂಪನಿಯಲ್ಲಿ ಬಿಸಾಡುವ ಡಯಾಪರಿನ ಕೆಲಸವನ್ನು ಕೈಗೆತ್ತಿಕೊಂಡಾಗ ಆತ ಸ್ವತಃ ಅಜ್ಜನಾಗಿದ್ದ. ಅದು 1961ರಲ್ಲಿ ಪರೀಕ್ಷಾರ್ಥವಾಗಿ ಮಾರಾಟಕ್ಕೆ ಬಂದಿತು. ತಾಯಂದಿರ ದಣಿವನ್ನು ಇಳಿಸಿದ ಈ ವಸ್ತುವನ್ನು ಹಳಿಯುವುದು ನ್ಯಾಯವಲ್ಲ. ಆಸ್ಪತ್ರೆಗೆ ಹೋಗುವಾಗ, ರೈಲಿನ ಪ್ರಯಾಣದಲ್ಲಿ, ಬಾಣಂತಿಗೆ ನಾಲ್ಕು ಗಂಟೆಯ ನಿದ್ದೆ ಬೇಕಾದ ರಾತ್ರಿಯಲ್ಲಿ ಅದು ನಿಜವಾಗಿಯೂ ಉಪಕಾರಿ.

ಆದರೆ ಬಳಸಿ ಎಸೆದದ್ದು ಎಲ್ಲಿಗೆ ಹೋಗುತ್ತದೆಂಬುದನ್ನೂ ನೆನೆಯಬೇಕು. ಅದರಲ್ಲಿರುವ ಪ್ಲಾಸ್ಟಿಕ್ ಮಣ್ಣಿನಲ್ಲಿ ಬಹುಕಾಲ ಕೊಳೆಯದೆ ಉಳಿಯುತ್ತದೆ. ಅದನ್ನು ಕೈಯಿಂದ ಎತ್ತಿ ಬೇರ್ಪಡಿಸಬೇಕಾದವರು ಪೌರಕಾರ್ಮಿಕರು. ಭಾರತ ಸರ್ಕಾರ 2016ರಲ್ಲಿ ಹೊರಡಿಸಿದ ಘನತ್ಯಾಜ್ಯ ನಿಯಮಗಳು ಇಂಥವನ್ನು ಭದ್ರವಾಗಿ ಸುತ್ತಿಯೇ ಕಸಕ್ಕೆ ಕೊಡಬೇಕೆಂದು ವಿಧಿಸಿದವು. ಇನ್ನೊಂದು ಪಕ್ಷವನ್ನೂ ಹೇಳಬೇಕು. ಇಂಗ್ಲೆಂಡಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿದ್ಯುತ್ ಯಂತ್ರದಲ್ಲಿ ಒಣಗಿಸಿ ಮನಬಂದಂತೆ ಒಗೆದರೆ ಬಟ್ಟೆಯಿಂದ ಪರಿಸರಕ್ಕೆ ಹೆಚ್ಚಿನ ಲಾಭವಿಲ್ಲ. ಒಟ್ಟಾಗಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೆಯ ಮಗುವಿಗೂ ಅದನ್ನೇ ಬಳಸಿದಾಗ ಲಾಭ ಸ್ಪಷ್ಟವಾಗುತ್ತದೆ. ಅಜ್ಜಿಯರು ಯಾವ ಅಧ್ಯಯನವೂ ಇಲ್ಲದೆ ಈ ಮೂರನ್ನೂ ಮಾಡಿಕೊಂಡು ಬಂದವರೇ.

ಉಳಿದದ್ದು ಮೊಮ್ಮಗಳ ಮೊದಲ ಪ್ರಶ್ನೆ. ಯಾರು ಒಗೆಯುತ್ತಾರೆ? ಹಿಂದಿನ ಬಾಣಂತನಗಳು ಸುಗಮವಾಗಿ ಸಾಗಿದ್ದಕ್ಕೆ ಬಚ್ಚಲಿನಲ್ಲಿ ಯಾವಳೋ ಒಬ್ಬ ಹೆಂಗಸು ಬೆನ್ನು ಬಗ್ಗಿಸಿದ್ದೇ ಕಾರಣ. ಬಟ್ಟೆಯ ಹಿರಿಮೆಯನ್ನು ಹಾಡಿ, ದುಡಿತವನ್ನು ಮಾತ್ರ ಅರವತ್ತು ದಾಟಿದ ತಾಯಿಯ ತಲೆಗೆ ಕಟ್ಟುವುದು ಸಲ್ಲದು.

ಮೈಸೂರಿನ ಆ ಮನೆಯಲ್ಲಿ ಕಾರ್ತೀಕ ಮಾಸದಲ್ಲಿ ಗಂಡುಮಗು ಹುಟ್ಟಿತು. ರಾತ್ರಿಗೆ ಡಯಾಪರ್, ಹಗಲಿಗೆ ಅಜ್ಜಿಯ ಸೀರೆ ಎಂದು ರಾಜಿಯಾಯಿತು. ರಜೆ ಹಾಕಿ ಬಂದ ಅಳಿಯಂದಿರು ಎರಡನೆಯ ದಿನವೇ ಬಕೆಟ್ಟು ಹಿಡಿದು ಬಚ್ಚಲಿಗೆ ನಡೆದರು. ಅತ್ತೆಯವರು ಸಂಕೋಚದಿಂದ ಹಿಂದೆಯೇ ಓಡಿದರೂ ಬಕೆಟ್ಟು ಕೈಗೆ ಸಿಗಲಿಲ್ಲ. ಟ್ರಂಕಿನ ಕುಲಾವಿ ಮಾತ್ರ ದಿನವೂ ಹಿತ್ತಿಲಿನ ಹಗ್ಗದ ಕೊನೆಯಲ್ಲಿ ಬಿಸಿಲು ಕಾಯುತ್ತಿದೆ. ಅದನ್ನು ಮರಿಮಗನಿಗೆ ತೊಡಿಸುವ ಆಸೆಯನ್ನು ಅಜ್ಜಿ ಬಿಟ್ಟಿದ್ದಾರೆ. ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದೆಂದು ತೀರ್ಮಾನವಾಗಿದೆ. ಅದರ ಪಕ್ಕದಲ್ಲಿ ಹಗ್ಗದ ಉದ್ದಕ್ಕೂ ನೀಲಿ ಅಂಚಿನ ಬಿಳಿಯ ಚೌಕಗಳು ಗಾಳಿಗೆ ಹಾರಾಡುತ್ತವೆ. ಸಂಜೆ ಅವನ್ನು ತೆಗೆದು ಮಡಿಸುವಾಗ ಅಜ್ಜಿ ಒಂದೊಂದನ್ನೂ ಎಣಿಸುತ್ತಾರೆ. ನಿನ್ನೆ ಒಂಬತ್ತು, ಇಂದು ಹನ್ನೊಂದು.